ಕೂಸಿನೊಂದಿಗೆ ಬಸ್ ಪ್ರವಾಸ: ಕಾರ್ ಸೀಟ್, ಸ್ಟ್ರೋಲರ್ ಒಯ್ಯುವುದು ಹೇಗೆ?

ಬಾಣಂತನ ಮುಗಿಸಿಕೊಂಡು ಅಜ್ಜಿಯ ಮನೆಯಿಂದ ಬೆಂಗಳೂರಿಗೆ ಮರಳುವ ಕೂಸು, ಮೊದಲ ಮುಡಿ ಕೊಡಲು ಧರ್ಮಸ್ಥಳಕ್ಕೋ ಮಲೆ ಮಹದೇಶ್ವರ ಬೆಟ್ಟಕ್ಕೋ ಹೊರಟ ಕೂಸು, ಬೇಸಿಗೆ ರಜೆಗೆ ಮನೆಮಂದಿಯೆಲ್ಲ ಮಡಿಕೇರಿಗೆ ಹೋಗುವಾಗ ಜೊತೆಗೆ ಹೊರಡುವ ಕೂಸು. ವರ್ಷ ತುಂಬುವ ಮೊದಲೇ ನಮ್ಮ ಮಕ್ಕಳು ಬಸ್ ಹತ್ತುತ್ತಾರೆ. ಈಗಿನ ತಂದೆ ತಾಯಂದಿರ ಬಳಿ ಕಾರಿನಲ್ಲಿ ಕೂಸನ್ನು ಕಟ್ಟಿ ಕೂರಿಸುವ ಕಾರ್ ಸೀಟ್ ಇದೆ, ತಳ್ಳಿಕೊಂಡು ಹೋಗುವ ಸ್ಟ್ರೋಲರ್ ಇದೆ. ಇವೆರಡನ್ನೂ ಬಸ್ಸಿನಲ್ಲಿ ಹೇಗೆ ಒಯ್ಯುವುದು, ಒಯ್ದರೆ ಎಲ್ಲಿ ಇಡುವುದು ಎಂಬ ಗೊಂದಲವೂ ಇದೆ. ಸಾಮಾನು ಕಟ್ಟುವ ಹಿಂದಿನ ರಾತ್ರಿ ಇದನ್ನು ಯೋಚಿಸಲು ಕೂತರೆ ಆಗದು. ಟಿಕೆಟ್ ಕಾಯ್ದಿರಿಸುವ ಮುಂಚೆಯೇ ತೀರ್ಮಾನವಾಗಬೇಕು.

ಮೊದಲು ದಾರಿಯನ್ನು ತುಂಡು ಮಾಡಿ ನೋಡಿ

ಬಸ್ ಪ್ರವಾಸವೆಂದರೆ ಬಸ್ ಮಾತ್ರವಲ್ಲ. ಮನೆಯಿಂದ ಮೆಜೆಸ್ಟಿಕ್‌ಗೆ ಟ್ಯಾಕ್ಸಿ, ಅಲ್ಲಿಂದ ಬಸ್, ಇಳಿದ ಊರಿನಲ್ಲಿ ಮತ್ತೆ ಬಾಡಿಗೆ ಕಾರು, ಆಮೇಲೆ ನಡಿಗೆ. ಒಂದು ಹಾಳೆಯಲ್ಲಿ ಈ ತುಂಡುಗಳನ್ನು ಬರೆದುಕೊಂಡು, ಪ್ರತಿಯೊಂದರ ಎದುರು ಮಗು ಎಲ್ಲಿ ಕೂರುತ್ತದೆ ಎಂದು ಗುರುತು ಮಾಡಿ. ಕಾರ್ ಸೀಟಿನ ನಿಜವಾದ ಕೆಲಸ ಎರಡು ತುದಿಯ ಕಾರು ಪ್ರಯಾಣದಲ್ಲಿದೆ ಎಂಬುದು ಆಗ ಕಾಣುತ್ತದೆ. ನಡುವಿನ ಬಸ್ಸಿನಲ್ಲಿ ಅದು ಹೆಚ್ಚಿನ ಸಲ ಸಾಮಾನಾಗಿಯೇ ಹೋಗಬೇಕಾಗುತ್ತದೆ. ಇದನ್ನು ಒಪ್ಪಿಕೊಂಡರೆ ಮುಂದಿನ ಎಲ್ಲವೂ ಸುಲಭ.

ಕಾರಣ ಸೀಟ್ ಬೆಲ್ಟ್. ಕಾರ್ ಸೀಟ್ ತಾನಾಗಿಯೇ ಮಗುವನ್ನು ಕಾಪಾಡುವುದಿಲ್ಲ. ವಾಹನದ ಸೀಟಿಗೆ ಬೆಲ್ಟ್‌ನಿಂದಲೋ, ಕಾರಿನ ಸೀಟಿನಲ್ಲಿರುವ ಲೋಹದ ಕೊಂಡಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಕ್ಕೆಯಿಂದಲೋ ಬಿಗಿದಾಗ ಮಾತ್ರ ಕಾಪಾಡುತ್ತದೆ. ನಮ್ಮ ಬಹುಪಾಲು ಬಸ್‌ಗಳಲ್ಲಿ ಪ್ರಯಾಣಿಕರ ಸೀಟಿಗೆ ಬೆಲ್ಟ್ ಇರುವುದಿಲ್ಲ. ಕೆಲವು ಐಷಾರಾಮಿ ಬಸ್‌ಗಳಲ್ಲಿ ಇದ್ದರೂ ಅದು ಸೊಂಟಕ್ಕೆ ಮಾತ್ರ ಹಾಕುವ ಬೆಲ್ಟ್. ಕಾರಿನಲ್ಲಿರುವಂತೆ ಭುಜದ ಮೇಲೂ ಹಾದುಬರುವ ಬೆಲ್ಟ್ ಅಲ್ಲ. ಹಲವು ಕೂಸಿನ ಸೀಟ್‌ಗಳಿಗೆ ಭುಜದ ಬೆಲ್ಟ್ ಇಲ್ಲದೆ ಆಗುವುದೇ ಇಲ್ಲ. ನಿಮ್ಮದು ಯಾವ ಬಗೆಯದು ಎಂಬುದು ಸೀಟಿನ ಪಕ್ಕದಲ್ಲಿ ಅಂಟಿಸಿದ ಚಿತ್ರದಲ್ಲಿ ಮತ್ತು ಕೈಪಿಡಿಯಲ್ಲಿ ಸ್ಪಷ್ಟವಾಗಿರುತ್ತದೆ. ಸೊಂಟದ ಬೆಲ್ಟ್‌ನಿಂದಲೂ ಕಟ್ಟಬಹುದು ಎಂಬ ಚಿತ್ರ ಇಲ್ಲದಿದ್ದರೆ ಬಸ್ಸಿನಲ್ಲಿ ಕಟ್ಟುವ ಪ್ರಯತ್ನ ಬೇಡ.

ಬೆಲ್ಟ್ ಇಲ್ಲದ ಬಸ್ ಸೀಟಿನ ಮೇಲೆ ಕಾರ್ ಸೀಟನ್ನು ಸುಮ್ಮನೆ ಇಟ್ಟು ಅದರಲ್ಲಿ ಮಗುವನ್ನು ಮಲಗಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಟ್ಟಿಯಾಗಿ ಬ್ರೇಕ್ ಬಿದ್ದರೆ ಸೀಟು, ಮಗು ಎರಡೂ ಒಟ್ಟಿಗೆ ಮುಂದಕ್ಕೆ ಹಾರುತ್ತವೆ. ದುಪಟ್ಟಾದಿಂದಲೋ ಹಗ್ಗದಿಂದಲೋ ಕಟ್ಟಿದರೂ ಅದು ತಡೆಯುವುದಿಲ್ಲ.

ಬಸ್ ಆಯ್ಕೆ

ಮಗುವಿದ್ದಾಗ ಹಗಲಿನ, ಕೂರುವ ಸೀಟಿನ ಬಸ್ಸೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಐರಾವತ, ರಾಜಹಂಸದಂತಹ ಬಸ್‌ಗಳಲ್ಲಿ ಕೆಳಗಿನ ಡಿಕ್ಕಿ ದೊಡ್ಡದು, ಸ್ಟ್ರೋಲರ್ ಸಲೀಸಾಗಿ ಹಿಡಿಸುತ್ತದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಮತ್ತು ವೇಗದೂತ ಬಸ್‌ಗಳಿಗಷ್ಟೇ ಅನ್ವಯಿಸುತ್ತದೆ. ಟಿಕೆಟ್ ಹಣ ಉಳಿಯುವುದು ಸಣ್ಣ ಮಾತಲ್ಲ, ಆದರೆ ರಜೆಯ ದಿನಗಳಲ್ಲಿ ಆ ಬಸ್‌ಗಳಲ್ಲಿ ನಿಲ್ಲುವವರ ನಡುವೆ ಸ್ಟ್ರೋಲರ್ ಹಿಡಿದು ಹತ್ತುವುದು ಕಷ್ಟ. ಅವುಗಳಲ್ಲಿ ಹೋಗುವುದಾದರೆ ಸ್ಟ್ರೋಲರ್ ಮನೆಯಲ್ಲೇ ಬಿಟ್ಟು, ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಒಂದನ್ನೇ ಒಯ್ಯಿರಿ.

ಸ್ಲೀಪರ್ ಬಸ್ಸಿನಲ್ಲಿ ರಾತ್ರಿ ನಿದ್ದೆ ಮಾಡಿಕೊಂಡೇ ಊರು ಸೇರಬಹುದು ಎಂಬ ಆಸೆ ಸಹಜ. ಆದರೆ ಕಿರಿದಾದ ಹಾಸಿಗೆಯಲ್ಲಿ ದಣಿದ ತಾಯಿಯ ಪಕ್ಕ ಪುಟ್ಟ ಕೂಸು ಮಲಗುವುದರಲ್ಲಿ ಉಸಿರುಕಟ್ಟುವ ಅಪಾಯವಿದೆ. ಹಾಸಿಗೆಯಿಂದ ಉರುಳಿ ಬೀಳುವ ಭಯ ಬೇರೆ. ಕಾರ್ ಸೀಟ್ ಇಡಲು ಅಲ್ಲಿ ದಾರಿಯೇ ಇಲ್ಲ. ಬೇರೆ ಬಸ್ ಸಿಗದೆ ಹೋಗಲೇಬೇಕಾದರೆ ಕೆಳಗಿನ ಹಾಸಿಗೆಯನ್ನೇ ತೆಗೆದುಕೊಳ್ಳಿ. ಮಗುವನ್ನು ಬಸ್ಸಿನ ಗೋಡೆಯ ಕಡೆಗೆ ಅಂಗಾತ ಮಲಗಿಸಿ, ದಿಂಬು, ದಪ್ಪ ಹೊದಿಕೆಗಳನ್ನು ಅದರ ಮುಖದ ಬಳಿಯಿಂದ ದೂರ ಸರಿಸಿ, ಎ.ಸಿ. ಗಾಳಿ ನೇರವಾಗಿ ಬೀಳದಂತೆ ಕಿಂಡಿ ತಿರುಗಿಸಿ. ಇಬ್ಬರು ದೊಡ್ಡವರಿದ್ದರೆ ಒಬ್ಬರ ನಂತರ ಒಬ್ಬರು ಎಚ್ಚರವಿರಿ.

ಮೈಸೂರಿಗೆ ಹೋಗುವವರಿಗೆ ರೈಲು ಇದೆ ಎಂಬುದನ್ನೂ ನೆನಪಿಸುತ್ತೇನೆ. ನಾಲ್ಕೈದು ತಿಂಗಳ ಕೂಸಿಗೆ ಅದು ಬಸ್ಸಿಗಿಂತ ಹಿತ.

ಯಾವ ಸೀಟು?

ನಡುವಿನ ಸಾಲುಗಳನ್ನು ಆರಿಸಿ. ಹಿಂದಿನ ಚಕ್ರದ ಮೇಲೆ, ಅದರಾಚೆಯ ಕೊನೆಯ ಸಾಲುಗಳಲ್ಲಿ ಪ್ರತಿ ಹಂಪ್‌ಗೂ ಮೈ ಎತ್ತಿ ಹಾಕುತ್ತದೆ. ಮೊದಲ ಸಾಲಿನ ಎದುರು ತಡೆಯಲು ಸೀಟಿನ ಬೆನ್ನು ಇರುವುದಿಲ್ಲ. ಮಗುವನ್ನು ಹಿಡಿದವರು ಕಿಟಕಿಯ ಪಕ್ಕ, ಜೊತೆಗಾರರು ಓಡಾಡುವ ದಾರಿಯ ಕಡೆ.

ಎಳೆಯ ಮಕ್ಕಳಿಗೆ ಟಿಕೆಟ್ ಬೇಡ, ಆದರೆ ಟಿಕೆಟ್ ಇಲ್ಲದ ಮಗುವಿಗೆ ಸೀಟೂ ಇಲ್ಲ. ಬೆಲ್ಟ್ ಇರುವ ಬಸ್ಸು ಎಂದು ವಿಚಾರಿಸಿ ಖಚಿತಪಡಿಸಿಕೊಂಡು, ನಿಮ್ಮ ಕಾರ್ ಸೀಟ್ ಸೊಂಟದ ಬೆಲ್ಟ್‌ಗೂ ಹೊಂದುವುದಾದರೆ, ಅದಕ್ಕಾಗಿ ಪಕ್ಕದ ಸೀಟನ್ನೂ ದುಡ್ಡು ಕೊಟ್ಟು ಕಾಯ್ದಿರಿಸಿ. ಆಗ ಕಾರ್ ಸೀಟ್ ಕಿಟಕಿಯ ಪಕ್ಕಕ್ಕೆ ಹೋಗಬೇಕು. ದಾರಿಯ ಕಡೆ ಇಟ್ಟರೆ ತುರ್ತಿನಲ್ಲಿ ನಿಮ್ಮ ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಕೂಸು ಬಸ್ಸಿನ ಹಿಂಭಾಗಕ್ಕೆ ಮುಖ ಮಾಡಿರುವಂತೆ ಕಟ್ಟಿ. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಾಡಿಸಿದರೆ ಸೀಟು ಎರಡೂವರೆ ಸೆಂಟಿಮೀಟರ್‌ಗಿಂತ ಹೆಚ್ಚು ಸರಿಯಬಾರದು. ಎದುರಿನ ಪ್ರಯಾಣಿಕರಿಗೆ ಸೀಟ್ ಹಿಂದಕ್ಕೆ ಬಾಗಿಸಬೇಡಿ ಎಂದು ಮೊದಲೇ ಕೇಳಿಕೊಳ್ಳಿ. ಮಗು ಇದೆ ಎಂದರೆ ನಮ್ಮ ಜನ ಒಪ್ಪುತ್ತಾರೆ.

ಮಡಿಲಲ್ಲಿ ಕೂರಿಸಿಕೊಳ್ಳುವುದಾದರೆ

ಹೆಚ್ಚಿನವರ ಪ್ರಯಾಣ ಹೀಗೆಯೇ ಸಾಗುವುದರಿಂದ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ ಎನ್ನುವ ತಾಯಿಯ ಮಾತಿನಲ್ಲಿ ಪ್ರೀತಿ ಇದೆ, ಆದರೆ ಲೆಕ್ಕ ಬೇರೆ ಹೇಳುತ್ತದೆ. ಗಂಟೆಗೆ 50 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಅಪಘಾತದಲ್ಲಿ ಬಸ್ಸು ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ನಿಂತುಬಿಟ್ಟರೆ, ಮೈಮೇಲೆ ಬೀಳುವ ಬಲ ದೇಹದ ತೂಕದ ಸುಮಾರು 14 ಪಟ್ಟು. ಆರು ಕಿಲೋ ತೂಕದ ಕೂಸನ್ನು ಹಿಡಿದ ಕೈ ಆ ಕ್ಷಣಕ್ಕೆ 80 ಕಿಲೋಗೂ ಮಿಕ್ಕಿದ ಭಾರವನ್ನು ತಡೆಯಬೇಕು. ಯಾವ ಕೈಗೂ ಅದು ಸಾಧ್ಯವಿಲ್ಲ.

ಹಾಗಾಗಿ ಮಗುವನ್ನು ಕ್ಯಾರಿಯರ್‌ನಲ್ಲಿ, ನಿಮ್ಮ ಎದೆಗೆ ಮುಖ ಮಾಡಿ ಕಟ್ಟಿಕೊಳ್ಳಿ. ದೊಡ್ಡ ಅಪಘಾತದಿಂದ ಅದು ರಕ್ಷಿಸುವುದಿಲ್ಲ. ಆದರೆ ದಿನನಿತ್ಯದ ಬ್ರೇಕ್, ತಿರುವು, ಕುಲುಕಾಟಗಳಲ್ಲಿ, ನೀವು ತೂಕಡಿಸಿದ ಗಳಿಗೆಯಲ್ಲಿ ಕೂಸು ಜಾರದಂತೆ ಖಂಡಿತ ತಡೆಯುತ್ತದೆ. ಮಗುವಿನ ಮುಖ ಸದಾ ಕಾಣಿಸುತ್ತಿರಬೇಕು, ಗಲ್ಲ ಎದೆಗೆ ಒತ್ತಿರಬಾರದು. ಸೀಟಿಗೆ ಬೆಲ್ಟ್ ಇದ್ದರೆ ನೀವು ಹಾಕಿಕೊಳ್ಳಿ. ಅದು ನಿಮ್ಮ ಸೊಂಟದ ಕೆಳಭಾಗದಲ್ಲಿ, ಮಗುವಿನ ಅಡಿಯಲ್ಲಿ ಹಾದುಹೋಗಬೇಕು. ಇಬ್ಬರನ್ನೂ ಸೇರಿಸಿ ಒಂದೇ ಬೆಲ್ಟ್ ಹಾಕಿದರೆ ಅಪಘಾತದಲ್ಲಿ ನಿಮ್ಮ ಇಡೀ ಭಾರ ಮಗುವಿನ ಹೊಟ್ಟೆಯ ಮೇಲೆ ಬೀಳುತ್ತದೆ.

ಸ್ಟ್ರೋಲರ್ ಬೇಕೇ?

ಹೋಗುವ ಊರು ಇದನ್ನು ಹೇಳಬೇಕು. ಮೈಸೂರಿನ ಮೃಗಾಲಯದಲ್ಲಿ ದಾರಿಗಳು ಅಗಲ, ನಡಿಗೆ ಉದ್ದ, ಸ್ಟ್ರೋಲರ್ ಅಲ್ಲಿ ವರ. ಅರಮನೆಯೊಳಗೆ ಮೆಟ್ಟಿಲುಗಳಿವೆ, ಜನಜಂಗುಳಿ ಇದೆ. ಧರ್ಮಸ್ಥಳ, ಕುಕ್ಕೆಯ ಸರತಿ ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ. ಗೋಕರ್ಣದ ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ, ಶ್ರವಣಬೆಳಗೊಳದ ಬಂಡೆ ಮೆಟ್ಟಿಲುಗಳ ಮಾತಂತೂ ಬೇಡವೇ ಬೇಡ. ದೇವಸ್ಥಾನದ ಪ್ರವಾಸಕ್ಕೆ ಸ್ಟ್ರೋಲರ್ ಬಿಟ್ಟು ಕ್ಯಾರಿಯರ್ ಒಯ್ಯುವುದು ಲೇಸು.

ಒಯ್ಯುವುದಾದರೆ ಕೊಡೆಯಂತೆ ಮಡಚುವ ಹಗುರ ಸ್ಟ್ರೋಲರ್ ಒಯ್ಯಿರಿ. ಆರು ತಿಂಗಳೊಳಗಿನ ಮಗುವಾದರೆ ಅದು ಸಮತಟ್ಟಾಗಿ ಮಲಗಿಸಲು ಬರುವಂತಿರಬೇಕು. ಒಂದು ಕೈಯಲ್ಲಿ ಮಗುವಿನ ತೂಕದ ಚೀಲ ಹಿಡಿದು ಇನ್ನೊಂದು ಕೈಯಲ್ಲಿ ಮಡಚುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿ. ಬಸ್ಸಿನ ಬಾಗಿಲ ಬಳಿ ಅದನ್ನು ಕಲಿಯಲು ಸಮಯ ಸಿಗದು. ಬಿಸಿಲಿಗೆ ಮರೆಯೆಂದು ಸ್ಟ್ರೋಲರ್ ಮೇಲೆ ಬಟ್ಟೆ ಹೊದಿಸಬೇಡಿ. ತೆಳ್ಳಗಿನ ಬಟ್ಟೆಯಾದರೂ ಒಳಗೆ ಗಾಳಿ ನಿಂತು ಶಾಖ ಬಹುಬೇಗ ಏರುತ್ತದೆ.

ಡಿಕ್ಕಿಗೆ ಹಾಕುವ ಮೊದಲು

ಡಿಕ್ಕಿಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು, ಕೆಲವೊಮ್ಮೆ ಪಕ್ಕದವರ ಉಪ್ಪಿನಕಾಯಿ ಜಾಡಿಯ ಎಣ್ಣೆ. ಸ್ಟ್ರೋಲರ್‌ನ ಬಾಟಲಿ ಹಿಡಿಕೆ, ಬಿಚ್ಚಬಹುದಾದ ಮೇಲ್ಛಾವಣಿ ತೆಗೆದು ಚೀಲಕ್ಕೆ ಹಾಕಿ, ಮಡಚಿದ್ದು ಬಿಚ್ಚಿಕೊಳ್ಳದಂತೆ ಪಟ್ಟಿಯಿಂದ ಕಟ್ಟಿ, ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಸಿ. ಕಾರ್ ಸೀಟಿಗೆ ಇನ್ನೂ ಹೆಚ್ಚಿನ ಕಾಳಜಿ ಬೇಕು. ಅದರ ಚಿಪ್ಪಿಗೆ ಬಲವಾದ ಪೆಟ್ಟು ಬಿದ್ದರೆ ಹೊರಗೆ ಕಾಣದ ಬಿರುಕು ಬರಬಹುದು. ಕೊಂಡಾಗ ಬಂದ ರಟ್ಟಿನ ಪೆಟ್ಟಿಗೆ ಇದ್ದರೆ ಅದೇ ಉತ್ತಮ, ಇಲ್ಲದಿದ್ದರೆ ಒಳಗೆ ಡೈಪರ್ ಪೊಟ್ಟಣ, ಹೊರಗೆ ಹಳೆಯ ರಗ್ಗು ಸುತ್ತಿ. ಎಲ್ಲರ ಸೂಟ್‌ಕೇಸ್‌ಗಳು ಕೂತ ಮೇಲೆ, ಮೇಲ್ಗಡೆ ಇಡಲು ನೀವೇ ನಿಂತು ಹೇಳಿ. ಬಸ್ಸಿನೊಳಗೆ ತಲೆಯ ಮೇಲೆ ಸಾಮಾನು ಇಡುವ ಹಲಗೆಯಲ್ಲಿ ಇಡಬೇಡಿ, ಘಾಟಿಯ ತಿರುವಿನಲ್ಲಿ ಅದು ಯಾರ ತಲೆಯ ಮೇಲಾದರೂ ಬೀಳಬಹುದು. ಹೆಸರು, ಮೊಬೈಲ್ ಸಂಖ್ಯೆ, ಇಳಿಯುವ ಊರು ಬರೆದ ಚೀಟಿ ಎರಡಕ್ಕೂ ಇರಲಿ. ನಡುವೆ ಇಳಿಯುವವರಾದರೆ ನಿರ್ವಾಹಕರಿಗೆ ಹತ್ತುವಾಗಲೇ ಹೇಳಿಬಿಡಿ.

ಇದಕ್ಕೆಲ್ಲ ಸಮಯ ಬೇಕು. ಆದ್ದರಿಂದ ಬಸ್ ಹೊರಡುವ ನಿಲ್ದಾಣದಲ್ಲೇ ಹತ್ತಿ: ಮೆಜೆಸ್ಟಿಕ್, ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣ, ಶಾಂತಿನಗರ, ನಿಮ್ಮ ಟಿಕೆಟ್ ಹೇಳಿದಂತೆ. ಗೊರಗುಂಟೆಪಾಳ್ಯದಲ್ಲೋ ಕೆಂಗೇರಿಯಲ್ಲೋ ರಸ್ತೆಬದಿಯಲ್ಲಿ ಕಾದರೆ ಬಸ್ಸು ನಿಲ್ಲುವುದೇ ಕೆಲವು ನಿಮಿಷ. ಆ ಗಡಿಬಿಡಿಯಲ್ಲಿ ಹಿಂದಿನಿಂದ ವಾಹನ ಬರುತ್ತಿರುವಾಗ ಡಿಕ್ಕಿ ತೆಗೆಸಿ ಸಾಮಾನು ಹಾಕುವುದು ಮಗುವಿದ್ದವರಿಗೆ ತಕ್ಕುದಲ್ಲ. ಅರ್ಧ ಗಂಟೆ ಮುಂಚೆ ತಲುಪಿ. ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಬರುವವರು ಲಿಫ್ಟ್ ಬಳಸಿ. ಎಸ್ಕಲೇಟರ್ ಮೇಲೆ ಮಗುವಿರುವ ಸ್ಟ್ರೋಲರ್ ಎಂದಿಗೂ ಹತ್ತಿಸಬಾರದು.

ದಾರಿಯಲ್ಲಿ

ಆರು ತಿಂಗಳವರೆಗೆ ಎದೆಹಾಲೇ ಸಾಕು, ಸೆಕೆ ಎಂದು ನೀರು ಕುಡಿಸುವುದೂ ಬೇಡ. ಪುಡಿ ಹಾಲು ಕುಡಿಯುವ ಮಗುವಾದರೆ ಫ್ಲಾಸ್ಕ್‌ನಲ್ಲಿ ಕುದಿಸಿದ ನೀರು ಒಯ್ದು ಬಸ್ ನಿಂತಾಗ ಮಾತ್ರ ಬೆರೆಸಿ, ಬೆರೆಸಿದ್ದನ್ನು ಎರಡು ಗಂಟೆಯೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ. ದೊಡ್ಡ ನಿಲ್ದಾಣಗಳಲ್ಲಿ ಹಾಲೂಡಿಸುವ ಕೊಠಡಿ ಇದೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸಿ. ಬಸ್ಸು ಊಟಕ್ಕೆ ನಿಂತಾಗ ಮೊದಲ ಕೆಲಸ ನಿಮ್ಮ ಕಾಫಿಯಲ್ಲ. ಮಗುವನ್ನು ಹೊರತೆಗೆದು ಸಮತಟ್ಟಾದ ಜಾಗದಲ್ಲಿ ಅಂಗಾತ ಮಲಗಿಸಿ, ಡೈಪರ್ ಬದಲಿಸಿ, ಕೈಕಾಲು ಆಡಿಸಲು ಬಿಡಿ. ಕಾರ್ ಸೀಟಿನಲ್ಲಿ ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಕೂಸು ಇರಬಾರದು. ಕತ್ತು ಇನ್ನೂ ನಿಲ್ಲದ ಮಕ್ಕಳಲ್ಲಿ ತಲೆ ಮುಂದಕ್ಕೆ ಬಾಗಿ ಉಸಿರಾಟಕ್ಕೆ ತೊಂದರೆಯಾಗುತ್ತದೆ.

ಇಳಿದ ಮೇಲೆ

ಇಲ್ಲಿಂದಲೇ ಕಾರ್ ಸೀಟಿನ ಕೆಲಸ ಶುರು. ಇಷ್ಟು ದೂರ ಹೊತ್ತು ತಂದದ್ದೂ ಇದಕ್ಕೇ. ಬಾಡಿಗೆ ಕಾರನ್ನು ಗೊತ್ತು ಮಾಡುವಾಗ ಚಾಲಕರಿಗೆ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ: 'ಅಣ್ಣಾ, ಹಿಂದಿನ ಸೀಟಿನ ಬೆಲ್ಟ್ ಕೆಲಸ ಮಾಡುತ್ತದೆಯೇ?' ನಮ್ಮ ಎಷ್ಟೋ ಟ್ಯಾಕ್ಸಿಗಳಲ್ಲಿ ಹಿಂದಿನ ಬೆಲ್ಟ್‌ನ ಬಕಲ್ ಸೀಟ್ ಕವರ್ ಅಡಿಯಲ್ಲಿ ಹೂತಿರುತ್ತದೆ. ಮೊದಲೇ ಹೇಳಿದರೆ ಅವರು ತೆಗೆದಿಟ್ಟುಕೊಂಡು ಬರುತ್ತಾರೆ. 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ವಾಹನ ಓಡಿಸಿದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಚಾಲಕರಿಗೆ 1,000 ರೂಪಾಯಿ ದಂಡ ಬೀಳುತ್ತದೆ. ಇದನ್ನು ಹೇಳಿದರೆ ಮಾತು ಬೇಗ ಮುಗಿಯುತ್ತದೆ.

ಹಿಂದಿನ ಸೀಟಿನಲ್ಲೇ, ಹಿಮ್ಮುಖವಾಗಿ ಕಟ್ಟಿ. ಏರ್‌ಬ್ಯಾಗ್ ಇರುವ ಮುಂದಿನ ಸೀಟು ಕೂಸಿಗೆ ಪ್ರಾಣಾಪಾಯ. ಮಗುವಿನ ಪಟ್ಟಿಗಳು ಭುಜದ ಮಟ್ಟದಿಂದ ಅಥವಾ ತುಸು ಕೆಳಗಿನಿಂದ ಹೊರಬರಬೇಕು, ಬೆರಳಿನಿಂದ ಚಿವುಟಿದರೆ ಮಡಿಕೆ ಸಿಗದಷ್ಟು ಬಿಗಿಯಾಗಿರಬೇಕು. ಮಡಿಕೇರಿಯ ಚಳಿಗೆ ತೊಡಿಸಿದ ದಪ್ಪ ಸ್ವೆಟರ್ ಬಿಚ್ಚಿ, ಪಟ್ಟಿ ಬಿಗಿದ ನಂತರ ಮೇಲಿನಿಂದ ಶಾಲು ಹೊದಿಸಿ. ಆಟೊದಲ್ಲಿ ಬೆಲ್ಟ್ ಇಲ್ಲದ್ದರಿಂದ ಕಾರ್ ಸೀಟ್ ಉಪಯೋಗಕ್ಕೆ ಬಾರದು.

ಮರಳುವಾಗ ರಾತ್ರಿ ಬಸ್ಸೇ ಹಿಡಿಯಬೇಕಾಗಿ ಬಂದರೆ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದಿರುತ್ತೀರಿ, ಎಲ್ಲರಿಗೂ ನಿದ್ದೆಗಣ್ಣು, ಟ್ಯಾಕ್ಸಿಯವರಿಗೆ ಅವಸರ, ರಸ್ತೆ ಖಾಲಿ. ಖಾಲಿ ರಸ್ತೆಯಲ್ಲಿ ಕಾರು ಹೆಚ್ಚು ವೇಗವಾಗಿ ಓಡುತ್ತದೆ. ಕಾಯುವ ಶುಲ್ಕ ಬಿದ್ದರೂ ಸರಿ, ಸೀಟ್ ಕಟ್ಟದೆ ಹೊರಡಬೇಡಿ. ಮನೆ ಸೇರಿದ ಮೇಲೆ ಕಾರ್ ಸೀಟಿನ ಬಟ್ಟೆ ಬಿಚ್ಚಿ ಚಿಪ್ಪನ್ನು ಬೆಳಕಿಗೆ ಹಿಡಿದು ಬಿರುಕುಗಳಿವೆಯೇ ನೋಡಿ. ಬಟ್ಟೆಯನ್ನು ಒಗೆಯಬಹುದು. ಪಟ್ಟಿಗಳನ್ನು ಮಾತ್ರ ವಾಷಿಂಗ್ ಮೆಷಿನ್‌ಗೆ ಹಾಕದೆ, ಬ್ಲೀಚ್ ಬಳಸದೆ, ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಿ.