ರಿವರ್ಸ್ ಕ್ಯಾಮೆರಾ ವೈರು ಒಳಗೆ ಹೋಗುವ ಮುಂಚೆ ಒಂದು ಜೋಲು ಬಿಡಿ

ರಿವರ್ಸ್ ಕ್ಯಾಮೆರಾ ನೀವೇ ಕೂರಿಸುತ್ತಿದ್ದರೆ, ವೈರನ್ನು, ಅದು ಬಾಡಿಯೊಳಗೆ ಹೋಗುವ ತೂತಿಗೆ ಹಾಕಿರುವ ರಬ್ಬರ್ ಬುಶ್‌ಗೆ ನೇರವಾಗಿ ತೂರಿಸಬೇಡಿ. ಬುಶ್‌ಗಿಂತ ಎರಡು ಇಂಚು ಕೆಳಗೆ ಜೋಲು ಬಿಟ್ಟು, ಮತ್ತೆ ಮೇಲಕ್ಕೆ ತಂದು ಒಳಗೆ ಹಾಕಿ. ಮಳೆನೀರು ವೈರನ್ನೇ ಹಿಡಿದು ಹರಿಯುತ್ತದೆ. ಜೋಲಿನ ತಳಕ್ಕೆ ಬಂದಾಗ ಮೇಲೆ ಹತ್ತಲಾರದೆ ಅಲ್ಲೇ ಹನಿಹನಿಯಾಗಿ ಉದುರುತ್ತದೆ. ಜೋಲು ಇಲ್ಲದಿದ್ದರೆ ಅದೇ ನೀರು ಸೀದಾ ವೈರುಗಳನ್ನು ಜೋಡಿಸುವ ಕನೆಕ್ಟರ್‌ಗೆ ಇಳಿದು, ಪಿನ್ನು ಹಸಿರುಗಟ್ಟಿ, ಪರದೆಯಲ್ಲಿ ಗೆರೆ ಬರಲು ಶುರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲ ಕಡೆ ಗಾಡಿ ಒಣಗುವುದೇ ಅಪರೂಪ, ಅಲ್ವಾ? ಡಿಕ್ಕಿ ಬಾಗಿಲು ಮುಚ್ಚಿದಾಗಲೂ ಜೋಲು ಕೆಳಗೇ ಇರುತ್ತದಾ ಅಂತ ಒಮ್ಮೆ ನೋಡಿ. ಹಾಗೇ, ಕ್ಯಾಮೆರಾದ ಕೆಂಪು ವೈರನ್ನು ರಿವರ್ಸ್ ಲೈಟಿನ 12 ವೋಲ್ಟ್‌ಗೆ ಕೊಡುವಾಗ ಸಣ್ಣ ಫ್ಯೂಸ್ ಹಾಕಿ, 1 ಆಂಪಿಯರ್ ಸಾಕು. ಆದರೆ ತೋಟದ ರಸ್ತೆಯಲ್ಲಿ ಓಡುವ ಜೀಪಿಗೆ ಬರೀ ಜೋಲು ಸಾಲದು. ಚಕ್ರದ ಕೆಸರು, ವಾಟರ್ ಸರ್ವೀಸಿನ ನೀರು ಎರಡೂ ಕೆಳಗಿನಿಂದಲೇ ಜೋರಾಗಿ ಹೊಡೆಯುತ್ತವೆ. ಅಂಥ ಗಾಡಿಯಲ್ಲಿ ಕನೆಕ್ಟರನ್ನು ಡಿಕ್ಕಿಯ ಒಳಗೇ ಇಡಿ. ಲೆನ್ಸ್ ಒಳಗೇ ಮಂಜು ಕಟ್ಟಿದ್ದರೆ ಸುಮ್ನೆ ವೈರು ಬಿಚ್ಚಬೇಡಿ, ಅಲ್ಲಿ ಕ್ಯಾಮೆರಾದ ಸೀಲೇ ಹೋಗಿರುತ್ತದೆ.