ಆಳನ್ನು ಬಿಟ್ಟು ಅಳತೆಗೆ ಬನ್ನಿ

ಭದ್ರಾ ಜಲಾಶಯದ ಅಚ್ಚುಕಟ್ಟಿನ ರೈತರ ಒಂದು ವಾಟ್ಸ್ಆ್ಯಪ್ ಗುಂಪನ್ನು ನಾನು ನೋಡಿಕೊಳ್ಳುತ್ತೇನೆ. ದಾವಣಗೆರೆ, ಮಲೇಬೆನ್ನೂರು ಕಡೆಯ ಭತ್ತದ ಗದ್ದೆಯವರೇ ಹೆಚ್ಚು. ನಾಲೆಯ ಮೇಲ್ಭಾಗದ ಅಡಿಕೆ ತೋಟದವರೂ ಇದ್ದಾರೆ. 2023ರ ಬರದಲ್ಲಿ ನಾಲೆಗೆ ಸತತವಾಗಿ ನೀರು ಹರಿಸಬೇಕೋ, ಸರದಿಯ ಮೇಲೆ ಬಿಟ್ಟು ನಿಲ್ಲಿಸಬೇಕೋ ಎಂಬ ಚರ್ಚೆ ಎದ್ದಾಗ ಗುಂಪು ಹೊತ್ತಿ ಉರಿಯಿತು. ಬೇಸಿಗೆಗೆ ನೀರು ಉಳಿಸಬೇಕು ಎಂದವರಿಗೆ ಬಂದ ಉತ್ತರ: "ತೋಟದವರಿಗೆ ಗದ್ದೆಯವರ ಹೊಟ್ಟೆಯ ಸಂಕಟ ಎಲ್ಲಿ ಗೊತ್ತಾಗಬೇಕು?" ಮುಂದಿನ ಸಂದೇಶದಲ್ಲಿ ಜಾತಿ ಬಂತು, ಅದರ ಹಿಂದೆಯೇ ಪಕ್ಷ. ನೀರಿನ ಮಾತು ಕಾಣೆಯಾಯಿತು.

ಈಗ ನಿಂದನೆ ಕಂಡ ಕೂಡಲೇ ಬುದ್ಧಿವಾದ ಹೇಳಲು ಹೋಗುವುದಿಲ್ಲ. ಹೇಳಿದರೆ ಜಗಳಕ್ಕೆ ಇನ್ನೊಬ್ಬ ಸೇರಿದಂತೆ. ಜಾತಿಯನ್ನೋ ಮನೆಯ ಹೆಣ್ಣುಮಕ್ಕಳನ್ನೋ ಎಳೆದು ತಂದಿದ್ದರೆ ಅಳಿಸಿ, ಬರೆದವರಿಗೆ ಫೋನ್ ಮಾಡುತ್ತೇನೆ. ಉಳಿದದ್ದಕ್ಕೆ ಎಲ್ಲರ ಎದುರೇ ಕೇಳುತ್ತೇನೆ: "ಅಣ್ಣಾ, ಹೇಳಿದವರು ಯಾರಾದರೂ ಇರಲಿ. ಅವರ ಲೆಕ್ಕದಲ್ಲಿ ತಪ್ಪು ಎಲ್ಲಿದೆ?" ಜೊತೆಗೆ ಅಂದಿನ ಜಲಾಶಯದ ಮಟ್ಟವನ್ನೂ ಹಾಕುತ್ತೇನೆ. ಭದ್ರಾದ ಪೂರ್ಣ ಮಟ್ಟ 186 ಅಡಿ, ಸಾಮರ್ಥ್ಯ 71.5 ಟಿಎಂಸಿ ಎಂಬುದು ನಮ್ಮವರಿಗೆ ಬಾಯಿಪಾಠ. ಇಂದು ಇಷ್ಟಿದೆ ಎಂದು ಕಂಡರೆ ಸಾಕು, ಕುಡಿಯಲು ಎಷ್ಟು, ಭತ್ತಕ್ಕೆ ಎಷ್ಟು, ಎಷ್ಟು ದಿನ ಬಂದೀತು ಎಂಬ ಲೆಕ್ಕಕ್ಕೆ ಜನ ಇಳಿಯುತ್ತಾರೆ. ಮಾತು ಆಗಲೂ ಬಿಸಿಯೇ. ಆ ಬಿಸಿಗೆ ನನ್ನ ಆಕ್ಷೇಪವಿಲ್ಲ. ಬೆಳೆ ಒಣಗುವಾಗ ತಣ್ಣಗೆ ಮಾತನಾಡಿ ಎನ್ನುವುದು ಅನ್ಯಾಯ.

ಆದರೆ ಹೇಳಿದ ಆಳು ಯಾರು ಎಂದು ನೋಡಲೇಬೇಕಾದ ಸಂದರ್ಭವೂ ಇದೆ. ನಾಲೆಯ ದುರಸ್ತಿ ಚೆನ್ನಾಗಿ ಆಗಿದೆ ಎಂದು ಗುತ್ತಿಗೆದಾರರೇ ಬರೆದರೆ, "ಕೆಲಸ ನಿಮ್ಮದೇ ಅಲ್ಲವೇ?" ಎಂದು ಕೇಳುವುದು ನಿಂದನೆಯಲ್ಲ. ಕೇಳಬೇಕು. ಆ ಪ್ರಶ್ನೆಯಿಂದಲೇ ಕಾಮಗಾರಿ ಕಳಪೆ ಎಂದು ಸಾಬೀತಾಗುವುದಿಲ್ಲ, ಅಷ್ಟೇ. ಅದಕ್ಕೆ ಬಿರುಕಿನ ಫೋಟೊ ಬೇಕು, ತೂಬಿನಲ್ಲಿ ನೀರು ಎಷ್ಟು ಎತ್ತರ ಬಂತು ಎಂಬ ಅಳತೆ ಬೇಕು.

ಇದು ಬರೀ ಸಭ್ಯತೆಯ ಪ್ರಶ್ನೆಯಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. "ಮೇಲ್ಭಾಗದವರೆಲ್ಲ ನೀರುಗಳ್ಳರು" ಎಂಬ ಒಂದು ಸಾಲಿಗೆ ಮೇಲ್ಭಾಗದ ಇಬ್ಬರು ಗುಂಪು ಬಿಟ್ಟರು. ನಾಲೆಗೆ ಅಕ್ರಮ ಪಂಪ್‌ಸೆಟ್ ಎಲ್ಲಿ ಇಳಿದಿದೆ ಎಂದು ಕೊನೆ ಭಾಗದ ನಮಗೆ ತಿಳಿಸುತ್ತಿದ್ದವರೇ ಅವರು! ಒಬ್ಬರನ್ನು ಮನೆಗೆ ಹೋಗಿ ಒಪ್ಪಿಸಿ ಕರೆತಂದೆ. ಇನ್ನೊಬ್ಬರು ಬರಲಿಲ್ಲ, ಅವರ ಭಾಗದ ಸುದ್ದಿಗೆ ಈಗ ನಾಲೆಯ ನೀರು ಬಿಡುವ ನೀರಗಂಟಿಯ ಮಾತನ್ನೇ ನೆಚ್ಚಿಕೊಳ್ಳಬೇಕಾಗಿದೆ.