ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್: ಹಾಕುವ ಕ್ರಮ, ಎಚ್ಚರಿಕೆ

ಹೊಸ ಬ್ಲೀಚಿಂಗ್ ಪೌಡರ್‌ನಲ್ಲಿ ಸುಮಾರು 33% ಕ್ಲೋರಿನ್ ಇರುತ್ತದೆ. ಚೀಲ ಬಿಚ್ಚಿಟ್ಟರೆ ಗಾಳಿ, ತೇವ, ಬಿಸಿಲಿಗೆ ಅದು ಬೇಗ ಹಾರಿಹೋಗುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನೆರಳಿನಲ್ಲಿಡಿ. ತಗಡಿನ ಡಬ್ಬಿ ತುಕ್ಕು ಹಿಡಿಯುತ್ತದೆ.

ತಿಳಿಯಾದ 1,000 ಲೀಟರ್ ನೀರಿಗೆ 2.5 ಗ್ರಾಂ, ಅಂದರೆ 10,000 ಲೀಟರ್ ಟ್ಯಾಂಕಿಗೆ 25 ಗ್ರಾಂ. ಕೈಗವಸು, ಕನ್ನಡಕ, ಮಾಸ್ಕ್ ಹಾಕಿಕೊಂಡು ಬಯಲಲ್ಲಿ ನಿಂತು ಕಲಸಿ. ಪ್ಲಾಸ್ಟಿಕ್ ಬಕೆಟ್‌ನ ನೀರಿಗೆ ಪುಡಿ ಉದುರಿಸಬೇಕು. ಪುಡಿಯ ಮೇಲೆ ನೀರು ಸುರಿದರೆ ಬಿಸಿಯೇರಿ ಸಿಡಿಯಬಹುದು. ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ. ತಳದ ಸುಣ್ಣ ಬೇಡ, ಅದು ನೀರಿನ ಗಡಸುತನ ಹೆಚ್ಚಿಸುತ್ತದೆ.

ಒಂದು ಗಂಟೆ ಕಾದು ಕ್ಲೋರೋಸ್ಕೋಪ್‌ನಲ್ಲಿ (ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಸಾಧನ) ನೋಡಿ: ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು, ಕೊನೆಯ ನಲ್ಲಿಯಲ್ಲಿ ಕನಿಷ್ಠ 0.2. ಏನೂ ಉಳಿದಿಲ್ಲವೆಂದರೆ ಪುಡಿ ಹಳೆಯದು, ಇಲ್ಲವೇ ನೀರಿನಲ್ಲಿ ಕೊಳೆ ಹೆಚ್ಚು. ಕದಡಿದ ನೀರಿಗೆ ಪುಡಿ ಹೆಚ್ಚಿಸುವ ಬದಲು ಮೊದಲು ಸೋಸಿ.

ದಯವಿಟ್ಟು ಇದೊಂದನ್ನು ಮರೆಯಬೇಡಿ: ಶೌಚಾಲಯ ತೊಳೆಯುವ ಆಸಿಡ್ ಈ ಪುಡಿಗೆ ತಾಗಿದರೆ ಕ್ಷಣದಲ್ಲಿ ಕ್ಲೋರಿನ್ ಅನಿಲ ಏಳುತ್ತದೆ. ಯೂರಿಯಾ, ಸೀಮೆಎಣ್ಣೆ, ಡೀಸೆಲ್ ಹತ್ತಿರವೂ ಇಡಬಾರದು, ಬೆಂಕಿ ಅಥವಾ ಸ್ಫೋಟವಾದೀತು. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ವಾಸನೆ ಬರುವ ಟ್ಯಾಂಕಿಗೆ ಯಾರನ್ನೂ ಇಳಿಸಬೇಡಿ.

ಕಣ್ಣಿಗೆ ಬಿದ್ದರೆ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ವೈದ್ಯರ ಬಳಿ ಹೋಗಿ. ನುಂಗಿದವರಿಗೆ ವಾಂತಿ ಮಾಡಿಸಬೇಡಿ: ಬಾಯಿ ತೊಳೆಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.